ಸಂಗನಕಲ್ಲಿನ ಕರಿ ಹುರುಳಿ ಮತ್ತು ಗಾಳಿಯ ಲೆಕ್ಕ

ಬಳ್ಳಾರಿ ನಗರದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಸಂಗನಕಲ್ಲು ಎಂಬ ಊರಿದೆ. ಅದರ ಪಕ್ಕದ ಗುಡ್ಡಗಳಲ್ಲಿ ಮೂರು ಸಾವಿರ ವರ್ಷಕ್ಕೂ ಹಿಂದೆ ಜನ ವಾಸವಾಗಿದ್ದರು. ಕಲ್ಲಿನ ಕೊಡಲಿ ಮಾಡುತ್ತಿದ್ದರು, ದನ ಸಾಕುತ್ತಿದ್ದರು, ಒಲೆ ಹೂಡಿ ಅಡುಗೆ ಮಾಡಿಕೊಳ್ಳುತ್ತಿದ್ದರು. ಪುರಾತತ್ವ ತಜ್ಞರು ಅಲ್ಲಿ ಅಗೆದಾಗ ಸಿಕ್ಕ ಬೂದಿಮಣ್ಣನ್ನು ನೀರಿಗೆ ಹಾಕಿ ಕಲಕಿದರು. ಮಣ್ಣು ತಳಕ್ಕಿಳಿಯಿತು, ಕಪ್ಪು ಚೂರುಗಳು ಮೇಲೆ ತೇಲಿದವು. ಅವನ್ನು ನಯವಾದ ಜರಡಿಯಲ್ಲಿ ಸೋಸಿ, ನೆರಳಲ್ಲಿ ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರೆ ಏನು ಗೊತ್ತೇ ಮಕ್ಕಳೇ? ಕಾಳುಗಳು! ಹುರುಳಿ, ಹೆಸರು, ಕೊರಲೆ. ಯಾವುದೋ ಕಾಲದ ಒಬ್ಬ ತಾಯಿಯ ಒಲೆಗೆ ಜಾರಿಬಿದ್ದು ಕರಿಕಾಗಿ ಉಳಿದ ಕಾಳುಗಳು.

ಈಗ ನೀವೇ ಯೋಚಿಸಿ. ಒಂದು ಹಿಡಿ ಹುರುಳಿಯನ್ನು ಹೊಲದ ಮಣ್ಣಲ್ಲಿ ಹಾಕಿದರೆ ಏನಾಗುತ್ತದೆ? ಮಳೆ ಬಿದ್ದರೆ ಮೊಳೆಯುತ್ತದೆ, ಇಲ್ಲವೇ ಇರುವೆ ಹೊತ್ತೊಯ್ಯುತ್ತದೆ, ಇಲ್ಲವೇ ಕೊಳೆತು ಮಣ್ಣಾಗುತ್ತದೆ. ಒಂದು ಮಳೆಗಾಲ ಕಳೆಯುವುದರೊಳಗೆ ಅದರ ಗುರುತೂ ಸಿಗುವುದಿಲ್ಲ. ಆದರೆ ಕರಿಕಾದ ಆ ಹುರುಳಿ ಮೂರು ಸಾವಿರ ಮಳೆಗಾಲ ಕಂಡೂ ಹಾಗೇ ಇದೆ. ಕಾಳಿನ ಮೇಲಿನ ಸುಕ್ಕು ಕೂಡ ಕಾಣುತ್ತದೆ. ಯಾಕೆ?

ಈ ‘ಯಾಕೆ’ಗೆ ಉತ್ತರ ಸಿಕ್ಕರೆ, ಇವತ್ತು ಪ್ರಪಂಚದ ಸರ್ಕಾರಗಳು ಸಾವಿರಾರು ಕೋಟಿ ಖರ್ಚು ಮಾಡುತ್ತಿರುವ ಒಂದು ದೊಡ್ಡ ಕೆಲಸದ ಗುಟ್ಟೂ ಸಿಗುತ್ತದೆ. ಗಾಳಿಯಲ್ಲಿ ಹೆಚ್ಚಾಗಿರುವ ಇಂಗಾಲದ ಡೈಆಕ್ಸೈಡನ್ನು ಹೊರತೆಗೆಯುವ ಕೆಲಸ ಅದು.

ಕಾಳಿನ ಕಥೆ ಗಾಳಿಯಲ್ಲೇ ಶುರುವಾಗುತ್ತದೆ. ಹುರುಳಿ ಗಿಡ ತನ್ನ ಎಲೆಯ ಸಣ್ಣ ರಂಧ್ರಗಳಿಂದ ಇಂಗಾಲದ ಡೈಆಕ್ಸೈಡನ್ನು ಎಳೆದುಕೊಳ್ಳುತ್ತದೆ. ಬೇರಿನಿಂದ ನೀರು ಬರುತ್ತದೆ. ಬಿಸಿಲಿನ ಬಲದಿಂದ ಇವೆರಡನ್ನೂ ಸೇರಿಸಿ ಸಕ್ಕರೆ ಮಾಡುತ್ತದೆ. ಆ ಸಕ್ಕರೆಯಿಂದ ಕಾಂಡ, ಎಲೆ, ಕಾಳು. ಒಣಗಿದ ಕಟ್ಟಿಗೆಯ ತೂಕದಲ್ಲಿ ಸುಮಾರು ಅರ್ಧದಷ್ಟು ಇಂಗಾಲವೇ. ಅದು ಮಣ್ಣಿನಿಂದ ಬಂದದ್ದಲ್ಲ, ಗಾಳಿಯಿಂದ ಬಂದದ್ದು. ಹೊಲದ ಬದುವಿನ ಬೇವಿನ ಮರದ ಅಷ್ಟು ದಪ್ಪ ಬೊಡ್ಡೆಯ ಅರ್ಧ ತೂಕ ಗಾಳಿಯಿಂದ ಇಳಿದದ್ದು ಎಂದರೆ ಮೊದಲ ಸಲ ಕೇಳಿದವರಿಗೆ ನಂಬಿಕೆಯೇ ಬರುವುದಿಲ್ಲ.

ಗಿಡ ಸತ್ತ ಮೇಲೆ ಈ ಇಂಗಾಲ ಬಂದ ದಾರಿಯಲ್ಲೇ ವಾಪಸು ಹೋಗುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ತಿಂದು, ನಮ್ಮ ಹಾಗೆಯೇ ಇಂಗಾಲದ ಡೈಆಕ್ಸೈಡನ್ನು ಉಸಿರಾಗಿ ಬಿಡುತ್ತವೆ. ಬೆಂಕಿ ಇಟ್ಟರೆ ಇದೇ ಕೆಲಸ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಆದರೆ ಬೆಂಕಿಯ ಬಿಸಿ ತಾಗಿ, ಗಾಳಿ ಮಾತ್ರ ಸಾಕಷ್ಟು ಸಿಗದಿದ್ದರೆ? ಬೂದಿಯ ಅಡಿಯಲ್ಲಿ ಮುಚ್ಚಿಹೋದ ಕಾಳಿಗೆ ಆದದ್ದು ಇದೇ. ಅದರೊಳಗಿನ ನೀರು ಆವಿಯಾಗಿ ಹೋಯಿತು, ಎಣ್ಣೆ ಅಂಶ ಹೊಗೆಯಾಯಿತು. ಉಳಿದ ಇಂಗಾಲದ ಪರಮಾಣುಗಳು ಆರಾರು ಸೇರಿ ಉಂಗುರ ಕಟ್ಟಿದವು, ಉಂಗುರಕ್ಕೆ ಉಂಗುರ ಅಂಟಿ ಹಾಳೆಗಳಾದವು. ಆ ಬಿಗಿಯನ್ನು ಬಿಡಿಸುವ ಶಕ್ತಿ ಬಹುಪಾಲು ಸೂಕ್ಷ್ಮಜೀವಿಗಳಿಗಿಲ್ಲ. ತಿನ್ನುವವರೇ ಇಲ್ಲದ ಮೇಲೆ ಕೊಳೆಯುವುದೆಲ್ಲಿ ಬಂತು? ಅದೇ ಇದ್ದಿಲು. ಇದ್ದಿಲಲ್ಲಿ ಉಳಿದ ಇಂಗಾಲದ ಒಂದು ಬಗೆ, ಕಾರ್ಬನ್-14, ಪ್ರತಿ 5,730 ವರ್ಷಕ್ಕೆ ಅರ್ಧಕ್ಕಿಳಿಯುತ್ತದೆ. ಅದು ಎಷ್ಟು ಉಳಿದಿದೆ ಎಂದು ಅಳೆದೇ ಇಂಥ ಕಾಳುಗಳ ವಯಸ್ಸನ್ನು ಹೇಳುವುದು. ಸಂಗನಕಲ್ಲಿನಲ್ಲಿ ಸಿಕ್ಕ ವಸ್ತುಗಳನ್ನು ನೋಡಬೇಕೆಂದರೆ ಬಳ್ಳಾರಿ ನಗರದಲ್ಲೇ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಸಂಗನಕಲ್ಲು ವಸ್ತುಸಂಗ್ರಹಾಲಯ ಇದೆ. ಶಾಲೆಯಿಂದ ಒಮ್ಮೆ ಕರೆದುಕೊಂಡು ಹೋಗಲು ನಿಮ್ಮ ಮೇಷ್ಟ್ರನ್ನು ಕೇಳಿ.

ಈಗ ಗಾಳಿಯ ಕಡೆ ಬರೋಣ. ಸಿರುಗುಪ್ಪದ ಒಂದು ಸಣ್ಣ ಲೋಟ ಸೋನಾ ಮಸೂರಿ ಅಕ್ಕಿ ತೆಗೆದುಕೊಳ್ಳಿ. ಅದರಲ್ಲಿ ಹತ್ತು ಸಾವಿರ ಕಾಳಿವೆ ಎಂದಿಟ್ಟುಕೊಳ್ಳೋಣ. ಗಾಳಿಯನ್ನು ಆ ಲೋಟ ಎಂದುಕೊಂಡರೆ, ಇಂಗಾಲದ ಡೈಆಕ್ಸೈಡ್ ಅದರಲ್ಲಿ ಬೆರೆತ ನಾಲ್ಕು ಕಲ್ಲು, ಅಷ್ಟೇ. ಕಾರ್ಖಾನೆಗಳು ಬರುವ ಮೊದಲು ಮೂರಕ್ಕೂ ಕಡಿಮೆ ಇತ್ತು. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಎಂಬ ವಿಜ್ಞಾನಿ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಕೂತು ಅಳೆಯಲು ಶುರುಮಾಡಿದಾಗ ಮೂರು ದಾಟಿತ್ತು. ಈಗ ನಾಲ್ಕನ್ನೂ ದಾಟಿದೆ. ನಾಲ್ಕು ಕಲ್ಲಿಗೆ ಇಷ್ಟೊಂದು ಗಾಬರಿಯೇ ಎನ್ನಬೇಡಿ. ನೆಲದಿಂದ ಮೇಲೇಳುವ ಶಾಖವನ್ನು ತಡೆದು ಹಿಡಿಯುವುದು ಗಾಳಿಯ ಸಾರಜನಕವೂ ಅಲ್ಲ, ಆಮ್ಲಜನಕವೂ ಅಲ್ಲ. ಮುಖ್ಯವಾಗಿ ನೀರಾವಿ ಮತ್ತು ಈ ಅನಿಲ. ಇದು ಮೂರರಿಂದ ನಾಲ್ಕಾದರೆ ಭೂಮಿಯ ಶಾಖವೂ ಹೆಚ್ಚುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಬಳ್ಳಾರಿಯ ಬಿಸಿಲಿಗೆ ಬೆಂದವರಿಗೆ ಇನ್ನೊಂದು ಡಿಗ್ರಿ ಹೆಚ್ಚುವುದೆಂದರೆ ಏನೆಂದು ವಿವರಿಸಬೇಕಾಗಿಲ್ಲ.

ಆ ಹೆಚ್ಚಾದ ಕಲ್ಲನ್ನು ಆರಿಸಬೇಕು. ಲೋಟದ ಅಕ್ಕಿಯಾದರೆ ಅಜ್ಜಿ ಮೊರದಲ್ಲಿ ಕೇರಿ ಆರಿಸಿಬಿಡುತ್ತಾರೆ. ಗಾಳಿಯನ್ನು ಹೇಗೆ ಆರಿಸುವುದು?

ಇದರ ಒಂದು ಉಪಾಯ ಸುಣ್ಣಕ್ಕೆ ಗೊತ್ತಿದೆ. ಎಲೆ-ಅಡಿಕೆಗೆ ಹಾಕುವ ಸುಣ್ಣವನ್ನು ಕಡಲೆಕಾಳಿನಷ್ಟು ತೆಗೆದುಕೊಂಡು, ದೊಡ್ಡವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದು ಲೋಟ ನೀರಿಗೆ ಕದಡಿ, ಮುಚ್ಚಿಡಿ. ಕಣ್ಣಿಗೆ ಸಿಡಿಯದಂತೆ ಎಚ್ಚರ, ಬಾಯಿಗಂತೂ ಬೇಡವೇ ಬೇಡ. ಕೆಲವು ಗಂಟೆಯ ಮೇಲೆ ತಿಳಿಯಾದ ನೀರನ್ನಷ್ಟೇ ಒಂದು ತಟ್ಟೆಗೆ ಬಗ್ಗಿಸಿ ತೆರೆದಿಡಿ. ಬೆಳಗಾಗುವುದರೊಳಗೆ ಅದರ ಮೇಲೆ ತೆಳುವಾದ ಬಿಳಿ ಪೊರೆ ಕಟ್ಟಿರುತ್ತದೆ. ಬೆರಳಿನ ಬದಲು ಕಡ್ಡಿಯಿಂದ ಮುಟ್ಟಿ ನೋಡಿ. ಗಾಜಿನ ಹಾಗೆ ಚೂರಾಗುತ್ತದೆ. ಅದು ಸುಣ್ಣದ ಕಲ್ಲು. ತಟ್ಟೆಯಲ್ಲಿದ್ದ ಸುಣ್ಣ ನಿಮ್ಮ ಮನೆಯ ಗಾಳಿಯೊಳಗಿದ್ದ ಇಂಗಾಲದ ಡೈಆಕ್ಸೈಡನ್ನು ಹುಡುಕಿ ಹಿಡಿದು ಕಲ್ಲು ಮಾಡಿದೆ. ಹಬ್ಬಕ್ಕೆ ಗೋಡೆಗೆ ಸುಣ್ಣ ಬಳಿದ ಮೇಲೆ ಅದು ದಿನದಿಂದ ದಿನಕ್ಕೆ ಗಟ್ಟಿಯಾಗುವುದೂ ಇದೇ ರೀತಿ.

ಹಾಗಾದರೆ ಊರಿಗೆಲ್ಲ ಸುಣ್ಣ ಬಳಿದರೆ ಗಾಳಿ ಸರಿಹೋಯಿತೇ? ಇಲ್ಲ. ಆ ಸುಣ್ಣ ಬಂದದ್ದು ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಟ್ಟು. ಸುಡುವಾಗ ಕಲ್ಲಿನೊಳಗಿದ್ದ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗಿತ್ತು, ಗೋಡೆಯ ಮೇಲೆ ಅದೇ ವಾಪಸು ಬಂತು. ಹೋದದ್ದು ಬಂದದ್ದು ಸಮ. ಆದರೆ ಭಟ್ಟಿಯ ಬಾಯಿಯನ್ನು ಮುಚ್ಚಿ, ಅಲ್ಲಿ ಹೊರಡುವ ಅನಿಲವನ್ನು ಹಿಡಿದು ಬೇರೆ ಕಡೆ ಭದ್ರ ಮಾಡಿ, ಅದೇ ಸುಣ್ಣವನ್ನು ಮತ್ತೆ ಗಾಳಿಗೆ ಹರಡಿದರೆ? ಆಗ ಪ್ರತಿ ಸುತ್ತಿಗೂ ಗಾಳಿಯಿಂದ ಒಂದಿಷ್ಟು ಇಳಿಯುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹೇರ್‌ಲೂಮ್ ಎಂಬ ಕಂಪನಿ 2023ರಲ್ಲಿ ತಟ್ಟೆಗಳ ಮೇಲೆ ಸುಣ್ಣ ಹರಡಿ ಇದನ್ನೇ ಶುರುಮಾಡಿತು. ಐಸ್‌ಲ್ಯಾಂಡಿನಲ್ಲಿ ಕ್ಲೈಮ್‌ವರ್ಕ್ಸ್ ಎಂಬ ಕಂಪನಿ ದೊಡ್ಡ ದೊಡ್ಡ ಫ್ಯಾನುಗಳಿಂದ ಗಾಳಿ ಎಳೆದು ಸೋಸುತ್ತದೆ. ಸೋಸಿ ತೆಗೆದ ಅನಿಲವನ್ನು ನೀರಲ್ಲಿ ಕರಗಿಸಿ ನೆಲದಾಳದ ಕಪ್ಪುಶಿಲೆಗೆ, ಅಂದರೆ ಬಸಾಲ್ಟಿಗೆ, ಇಳಿಸುತ್ತಾರೆ. ಅಲ್ಲಿ ಅದು ಎರಡೇ ವರ್ಷದಲ್ಲಿ ಕಲ್ಲಾಗುತ್ತದೆ ಎಂದು 2016ರಲ್ಲಿ ವಿಜ್ಞಾನಿಗಳು ತೋರಿಸಿದರು.

ಕೇಳಲು ಸೊಗಸಾಗಿದೆ. ಲೆಕ್ಕ ಹಾಕಿದರೆ ಮಾತ್ರ ಎದೆ ಧಸಕ್ಕೆನ್ನುತ್ತದೆ. 2024ರಲ್ಲಿ ಅಲ್ಲಿ ಶುರುವಾದ ಮ್ಯಾಮತ್ ಎಂಬ ದೊಡ್ಡ ಘಟಕವನ್ನು ಕಟ್ಟಿದ್ದು ವರ್ಷಕ್ಕೆ 36,000 ಟನ್ ಹಿಡಿಯಲಿ ಎಂದು. ಅಷ್ಟು ಹಿಡಿಯಲು ಅದಕ್ಕೆ ಇನ್ನೂ ಆಗಿಲ್ಲ. ಹಿಡಿದರೂ, ಕಲ್ಲಿದ್ದಲು, ಎಣ್ಣೆ, ಗ್ಯಾಸುಗಳಿಂದ ಪ್ರಪಂಚ ವರ್ಷಕ್ಕೆ ಹೊರಬಿಡುವುದು ಸುಮಾರು 3,700 ಕೋಟಿ ಟನ್. ಭಾಗಿಸಿ ನೋಡಿ: ಆ ಘಟಕ ವರ್ಷವಿಡೀ ದುಡಿದು ತೆಗೆಯುವುದನ್ನು ಪ್ರಪಂಚ ಅರ್ಧ ನಿಮಿಷದಲ್ಲಿ ಮತ್ತೆ ಸುರಿದುಬಿಡುತ್ತದೆ. ಟನ್ನಿಗೆ ತಗಲುವ ಖರ್ಚು ಹಲವು ನೂರು ಡಾಲರ್. ಆದ್ದರಿಂದ ಸುರಿಯುವುದನ್ನು ನಿಲ್ಲಿಸುವ ಕೆಲಸ ಮೊದಲು, ತೆಗೆಯುವ ಕೆಲಸ ಅದರ ಹಿಂದೆ. ಈ ಕ್ರಮವನ್ನು ಯಾರಾದರೂ ತಿರುವುಮುರುವು ಮಾಡಿದರೆ ಒಪ್ಪಬೇಡಿ.

ಇಲ್ಲಿ ಒಂದು ವ್ಯತ್ಯಾಸವನ್ನು ಗಟ್ಟಿ ಮಾಡಿಕೊಳ್ಳಬೇಕು. ದೊಡ್ಡವರೂ ಇದರಲ್ಲಿ ಎಡವುತ್ತಾರೆ. ಬಳ್ಳಾರಿಯಿಂದ ಹೊಸಪೇಟೆಯ ಕಡೆ ಹೋಗುವಾಗ ಕುಡುತಿನಿಯಲ್ಲಿ ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಚಿಮಣಿಗಳು ಕಾಣುತ್ತವೆ. ಮೂರು ಘಟಕ ಸೇರಿ 1,700 ಮೆಗಾವಾಟ್. ಇನ್ನೂ ಮುಂದೆ ತೋರಣಗಲ್ಲಿನಲ್ಲಿ ಜಿಂದಾಲ್ ಉಕ್ಕಿನ ಕಾರ್ಖಾನೆ. ಕಲ್ಲಿದ್ದಲಿನಿಂದ ಒಂದು ಯೂನಿಟ್ ಕರೆಂಟ್ ಮಾಡಿದರೆ ಸುಮಾರು ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ಊದುಕುಲುಮೆಯಲ್ಲಿ ಒಂದು ಟನ್ ಉಕ್ಕು ಮಾಡಿದರೆ ಎರಡು ಟನ್ನಿಗೂ ಹೆಚ್ಚು. ಚಿಮಣಿಯ ಹೊಗೆಯಲ್ಲಿ ಹತ್ತು ಸಾವಿರಕ್ಕೆ ನಾಲ್ಕಲ್ಲ, ಸಾವಿರಕ್ಕೂ ಹೆಚ್ಚು ಕಲ್ಲುಗಳಿರುತ್ತವೆ. ಹಾಗಾಗಿ ಅಲ್ಲೇ ಹಿಡಿಯುವುದು ಗಾಳಿಯಲ್ಲಿ ಹುಡುಕುವುದಕ್ಕಿಂತ ಸುಲಭ, ಅಗ್ಗ. ಆದರೆ ಕಲ್ಲಿದ್ದಲಿನ ಇಂಗಾಲ ಕೋಟ್ಯಂತರ ವರ್ಷ ನೆಲದೊಳಗೇ ಇದ್ದದ್ದು. ಅದನ್ನು ಅಗೆದು, ಸುಟ್ಟು, ಚಿಮಣಿಯಲ್ಲಿ ಹಿಡಿದು ಮತ್ತೆ ನೆಲಕ್ಕೆ ಸೇರಿಸಿದರೆ ಗಾಳಿಯ ಲೆಕ್ಕಕ್ಕೆ ಸೊನ್ನೆ. ಕೂಡಲೂ ಇಲ್ಲ, ಕಳೆಯಲೂ ಇಲ್ಲ. ಸೊನ್ನೆಯೂ ದೊಡ್ಡ ಸಾಧನೆಯೇ. ಆದರೆ ಗಾಳಿಯಿಂದ ಬಂದ ಇಂಗಾಲವನ್ನು ನೆಲಕ್ಕೆ ಸೇರಿಸಿದರೆ ಮಾತ್ರ ಅದು ಕಳೆಯುವ ಲೆಕ್ಕ. ಸಂಗನಕಲ್ಲಿನ ಹುರುಳಿ ಅಂಥ ಕಳೆಯುವ ಲೆಕ್ಕ.

ಬಳ್ಳಾರಿ ಸೀಮೆಯಲ್ಲಿ ಗಾಳಿಯ ಇಂಗಾಲವನ್ನು ಹಿಡಿದುಕೊಂಡು ನಿಂತಿರುವ ವಸ್ತು ಏನೇನಿದೆ? ಮೊದಲು ಕಾಣುವುದು ಬಳ್ಳಾರಿ ಜಾಲಿ. ಹಳ್ಳದ ದಂಡೆ, ಕೆರೆಯ ಅಂಗಳ, ಬೀಳು ಹೊಲ, ರೈಲ್ವೆ ಹಳಿಯ ಪಕ್ಕ, ಎಲ್ಲಿ ನೋಡಿದರೂ ಅದೇ. ಅಮೆರಿಕ ಖಂಡದ ಈ ಗಿಡ 19ನೇ ಶತಮಾನದ ಕೊನೆಯಲ್ಲಿ ನಮ್ಮ ದೇಶಕ್ಕೆ ಬಂತು. ದನ-ಕುರಿಗಳು ಇದರ ಕಾಯಿ ತಿಂದು, ಬೀಜವನ್ನು ಸಗಣಿ-ಹಿಕ್ಕೆಯಲ್ಲಿ ಊರೂರಿಗೆ ಹರಡಿದವು. ಸೈಕಲ್ ಟೈರಿನಲ್ಲಿ ಇದರ ಮುಳ್ಳು ಮುರಿದವರಿಗೆ ಇದರ ಮೇಲೆ ಪ್ರೀತಿ ಇರಲಾರದು. ಕಡಿದರೆ ಬುಡದಿಂದ ಮತ್ತೆ ನಾಲ್ಕು ಕೊಂಬೆ. ಹುಲ್ಲುಗಾವಲನ್ನು ನುಂಗುತ್ತದೆ, ಬೇರೆ ಗಿಡಗಳಿಗೆ ಜಾಗ ಬಿಡುವುದಿಲ್ಲ. ಆದರೆ ಇದರ ಕಟ್ಟಿಗೆ ಗಟ್ಟಿ, ಇದ್ದಿಲು ಒಳ್ಳೆಯದು. ಹಾಗಾಗಿ ಒಣಸೀಮೆಯ ಎಷ್ಟೋ ಬಡ ಕುಟುಂಬಗಳಿಗೆ ಜಾಲಿಯ ಇದ್ದಿಲೇ ಅನ್ನ.

ಇದ್ದಿಲು ಸುಡುವುದನ್ನು ಹತ್ತಿರದಿಂದ ನೋಡಿದ್ದೀರಾ? ಕಡಿದ ಕೊಂಬೆಗಳನ್ನು ಒತ್ತೊತ್ತಾಗಿ ಜೋಡಿಸುತ್ತಾರೆ. ಮೇಲೆ ಹುಲ್ಲು ಹೊದಿಸಿ ಹಸಿಮಣ್ಣು ಮೆತ್ತುತ್ತಾರೆ. ಒಂದು ಕಡೆ ಬೆಂಕಿ ಕೊಟ್ಟು, ಸುತ್ತ ಸಣ್ಣ ತೂತು ಬಿಡುತ್ತಾರೆ. ಮೊದಲು ದಟ್ಟ ಬಿಳಿ ಹೊಗೆ. ಅದು ಕಟ್ಟಿಗೆಯ ನೀರು. ಆಮೇಲೆ ಕಣ್ಣು ಉರಿಸುವ ಹಳದಿ ಹೊಗೆ. ಅದು ಟಾರು ಮತ್ತು ಅನಿಲಗಳು. ಕೊನೆಗೆ ತೆಳು ನೀಲಿ ಹೊಗೆ ಬಂದರೆ ಇದ್ದಿಲಾಯಿತು ಎಂದರ್ಥ. ಆಗ ತೂತು ಮುಚ್ಚಬೇಕು. ತಡಮಾಡಿದರೆ ಇದ್ದಿಲೂ ಬೂದಿ. ಹೊಗೆಯ ಬಣ್ಣ ನೋಡಿ ಒಳಗೇನು ನಡೆದಿದೆ ಎಂದು ಹೇಳುವ ಈ ಜನರನ್ನು ನಾನು ರಸಾಯನಶಾಸ್ತ್ರ ಬಲ್ಲವರೆಂದೇ ಎಣಿಸುತ್ತೇನೆ.

ಆದರೆ ಆ ಹಳದಿ ಹೊಗೆಯಲ್ಲಿ ಎರಡು ಕೇಡಿವೆ. ಒಂದು, ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಮತ್ತು ಮಸಿ ಅಲ್ಲಿ ದುಡಿಯುವವರ ಶ್ವಾಸಕೋಶಕ್ಕೆ ಹೋಗುತ್ತದೆ. ಇನ್ನೊಂದು, ಅದರಲ್ಲಿ ಮೀಥೇನ್ ಇದೆ. ಮೀಥೇನ್ ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿಗಿಂತ ಹಲವು ಪಟ್ಟು ಶಾಖ ಹಿಡಿಯುತ್ತದೆ. ಇದ್ದಿಲಿನಿಂದ ಗಳಿಸಿದ್ದರಲ್ಲಿ ಬಹಳಷ್ಟು ಈ ಹೊಗೆಯಲ್ಲೇ ಕಳೆದುಹೋಗಬಹುದು. ಮುಚ್ಚಿದ ಉಕ್ಕಿನ ಭಟ್ಟಿಯಲ್ಲಿ ಸುಟ್ಟರೆ ಈ ಅನಿಲಗಳನ್ನು ಹೊರಬಿಡದೆ ಅಲ್ಲೇ ಉರಿಸಿ, ಅದರ ಬಿಸಿಯಿಂದಲೇ ಮುಂದಿನ ಕಟ್ಟಿಗೆಯನ್ನು ಕಾಯಿಸಬಹುದು. ಹೀಗೆ ಮಣ್ಣಿಗೆ ಹಾಕಲೆಂದೇ ಮಾಡಿದ ಇದ್ದಿಲಿಗೆ ಬಯೋಚಾರ್ ಎನ್ನುತ್ತಾರೆ. ಒಲೆಗೋ ಇಸ್ತ್ರಿ ಪೆಟ್ಟಿಗೆಗೋ ಹಾಕಿ ಸುಟ್ಟರೆ ಇಂಗಾಲ ಮತ್ತೆ ಗಾಳಿಗೆ ಹೋಯಿತು. ಮಣ್ಣಿಗೆ ಸೇರಿಸಿದರೆ ಉಳಿಯಿತು. ಗುಜರಾತಿನಲ್ಲಿ ವರಾಹ ಎಂಬ ಭಾರತೀಯ ಕಂಪನಿ ಇದೇ ಜಾಲಿಯಿಂದ ಬಯೋಚಾರ್ ಮಾಡಿಸುತ್ತಿದೆ. ಅದರಿಂದ 2030ರೊಳಗೆ ಒಂದು ಲಕ್ಷ ಟನ್ ಲೆಕ್ಕದ ಇಂಗಾಲ ತೆಗೆತವನ್ನು ಕೊಳ್ಳುವುದಾಗಿ ಗೂಗಲ್ 2025ರ ಜನವರಿಯಲ್ಲಿ ಒಪ್ಪಂದ ಮಾಡಿಕೊಂಡಿತು. ಬಳ್ಳಾರಿಯ ಹೆಸರನ್ನೇ ಹೊತ್ತ ಜಾಲಿಗೆ ಬಳ್ಳಾರಿಯಲ್ಲೂ ಈ ಕೆಲಸ ಸಿಗಬೇಡವೇ?

ಎರಡನೆಯದು ಭತ್ತದ ಹೊಟ್ಟು. ತುಂಗಭದ್ರೆಯ ಕಾಲುವೆ ನೀರಿನಲ್ಲಿ ಸಿರುಗುಪ್ಪ ತಾಲ್ಲೂಕು ಭತ್ತದ ಕಣಜವಾಗಿದೆ. ರೈಸ್ ಮಿಲ್ಲುಗಳ ಹಿಂದೆ ಹೊಟ್ಟಿನ ಗುಡ್ಡ ಬಿದ್ದಿರುತ್ತದೆ. ಇದಕ್ಕೊಂದು ಲೆಕ್ಕ ಮಾಡೋಣ, ಪೆನ್ಸಿಲ್ ತೆಗೆದುಕೊಳ್ಳಿ. ಒಂದು ಟನ್ ಭತ್ತ ಕುಟ್ಟಿದರೆ ಸುಮಾರು 200 ಕಿಲೋ ಹೊಟ್ಟು. ಅದನ್ನು ಮುಚ್ಚಿದ ಭಟ್ಟಿಯಲ್ಲಿ ಕರಿಕು ಮಾಡಿದರೆ ಮೂರನೇ ಒಂದು ಭಾಗ ಉಳಿಯುತ್ತದೆ. 65 ಕಿಲೋ ಎನ್ನೋಣ. ಹೊಟ್ಟಿನಲ್ಲಿ ಮರಳಿನ ಅಂಶ, ಅಂದರೆ ಸಿಲಿಕಾ, ಬಹಳ. ಹಾಗಾಗಿ ಅದರ ಕರಿಕಿನಲ್ಲಿ ಇಂಗಾಲ ಅರ್ಧಕ್ಕಿಂತ ತುಸು ಕಡಿಮೆ, 30 ಕಿಲೋ. ಒಂದು ಕಿಲೋ ಇಂಗಾಲ ಆಮ್ಲಜನಕದ ಜೊತೆ ಸೇರಿ ಸುಮಾರು 3.67 ಕಿಲೋ ಇಂಗಾಲದ ಡೈಆಕ್ಸೈಡ್ ಆಗುತ್ತದೆ. 30 ಗುಣಿಸು 3.67, ಸುಮಾರು 110 ಕಿಲೋ. ಒಂದು ಟನ್ ಭತ್ತದ ಹೊಟ್ಟಿನಿಂದ ಗಾಳಿಯ 110 ಕಿಲೋ ಇಂಗಾಲದ ಡೈಆಕ್ಸೈಡಿಗೆ ಬೀಗ ಹಾಕಿದ ಹಾಗಾಯಿತು. ಮಣ್ಣಲ್ಲಿ ನಿಧಾನವಾಗಿ ಕರಗುವ ಸ್ವಲ್ಪವನ್ನೂ ಟ್ರ್ಯಾಕ್ಟರಿನ ಡೀಸೆಲ್ಲನ್ನೂ ಕಳೆಯಿರಿ. ಆದರೂ ಗಣನೀಯ.

ಅವಸರ ಬೇಡ, ಇಲ್ಲೇ ಲೆಕ್ಕ ತಪ್ಪುವ ಜಾಗ ಇರುವುದು. ಆ ಹೊಟ್ಟು ಈಗ ಏನಾಗುತ್ತಿದೆ ಎಂದು ಯಾರಾದರೂ ಕೇಳಿದರೇ? ಭತ್ತ ಬೇಯಿಸುವ ಬಾಯ್ಲರಿಗೆ, ಇಟ್ಟಿಗೆ ಭಟ್ಟಿಗೆ, ನಾವು ಒಗ್ಗಾಣಿ ಮಾಡಿಕೊಂಡು ತಿನ್ನುವ ಮಂಡಾಳು ಹುರಿಯುವ ಒಲೆಗೆ ಹೊಟ್ಟೇ ಉರುವಲು. ಅದನ್ನೆಲ್ಲ ಬಯೋಚಾರಿಗೆ ಒಯ್ದರೆ, ಬಾಯ್ಲರಿಗೆ ಮಿಲ್ಲಿನವರು ಕಲ್ಲಿದ್ದಲು ತರಿಸಬಹುದು. ಆಗ ಈ ಕೈಯಲ್ಲಿ ತೆಗೆದದ್ದನ್ನು ಆ ಕೈಯಲ್ಲಿ ಸುರಿದ ಹಾಗೆ. ಆದ್ದರಿಂದ ಯಾರಿಗೂ ಬೇಡವಾಗಿ ಸುಟ್ಟುಹಾಕುವ ವಸ್ತುವಿನಿಂದಲೇ ಶುರುಮಾಡಬೇಕು: ಕೊಯ್ಲಾದ ಮೇಲೆ ಹೊಲದಲ್ಲೇ ಬೆಂಕಿಗೆ ಹೋಗುವ ಹತ್ತಿ ಕಟ್ಟಿಗೆ, ಕುರುಗೋಡಿನ ಕಡೆಯ ಮೆಣಸಿನಕಾಯಿ ಗಿಡದ ಕಡ್ಡಿ, ಮತ್ತು ಜಾಲಿ. ದನದ ಮೇವಿಗೆ ಬರುವ ಭತ್ತದ ಹುಲ್ಲು, ಜೋಳದ ಸಪ್ಪೆಯನ್ನಂತೂ ಮುಟ್ಟಲೇಬಾರದು.

ಇನ್ನೊಂದು ಎಚ್ಚರ ನಮ್ಮ ಎರೆಮಣ್ಣಿನದು. ಬಯೋಚಾರ್ ಹುಳಿ ಮಣ್ಣಿಗೆ ತುಂಬಾ ಒಳ್ಳೆಯದು. ನಮ್ಮ ಎರೆ ಹೊಲಗಳು ಮೊದಲೇ ಕ್ಷಾರದ ಕಡೆಗಿವೆ, ಬಯೋಚಾರೂ ಕ್ಷಾರವೇ. ಗೊಬ್ಬರದಲ್ಲಿ ನೆನೆಸಿ, ಮಿತವಾಗಿ, ಮಡಿ ಮಡಿಯಾಗಿ ಪ್ರಯೋಗ ಮಾಡಿ ನೋಡದೆ ರೈತರಿಗೆ ‘ಹಾಕಿ’ ಎನ್ನಬಾರದು. ಸಿರುಗುಪ್ಪದಲ್ಲೂ ಹಗರಿಯಲ್ಲೂ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರಗಳಿವೆ. ಅಂಥ ಪ್ರಯೋಗಕ್ಕೆ ಅದಕ್ಕಿಂತ ಸರಿಯಾದ ಜಾಗ ಇಲ್ಲ.

ಕುರುಗೋಡಿನ ಬೆಟ್ಟದ ಬಂಡೆಗಳೂ ಇಂಗಾಲ ತೆಗೆಯುತ್ತಿವೆ ಎಂದರೆ ನಗುತ್ತೀರೇನೋ. ದೊಡ್ಡಬಸವೇಶ್ವರನ ತೇರು ನೋಡಲು ಹೋದಾಗ ಬಂಡೆಯನ್ನು ಸವರಿ ನೋಡಿ, ಮೇಲಿನ ಪದರ ಉದುರುತ್ತದೆ. ಮಳೆನೀರು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ತುಸು ಹುಳಿಯಾಗಿರುತ್ತದೆ. ಆ ಹುಳಿನೀರು ಕಲ್ಲನ್ನು ಕೊರೆಯುವಾಗ ಅನಿಲ ಬೈಕಾರ್ಬೊನೇಟ್ ಎಂಬ ಉಪ್ಪಾಗಿ, ಹಳ್ಳ, ತುಂಗಭದ್ರೆ, ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿ ಸೇರುತ್ತದೆ. ಗ್ರಾನೈಟ್ ಬಂಡೆಯಲ್ಲಿ ಇದು ಬಹಳ ನಿಧಾನ. ಬಸಾಲ್ಟನ್ನು ಹಿಟ್ಟಿನಷ್ಟು ನುಣ್ಣಗೆ ಪುಡಿಮಾಡಿ ಗದ್ದೆಗೆ ಹರಡಿದರೆ ಬೇಗ ಆಗುತ್ತದೆ. ಛತ್ತೀಸಗಢದ ಸಣ್ಣ ಭತ್ತದ ರೈತರ ಗದ್ದೆಗಳಲ್ಲಿ ಇದನ್ನೇ ಮಾಡುತ್ತಿರುವ ಮಾಟಿ ಕಾರ್ಬನ್ ಎಂಬ ಸಂಸ್ಥೆಗೆ 2025ರ ಏಪ್ರಿಲ್‌ನಲ್ಲಿ ಎಕ್ಸ್‌ಪ್ರೈಸ್ ಇಂಗಾಲ ತೆಗೆತ ಸ್ಪರ್ಧೆಯ ಮೊದಲ ಬಹುಮಾನ ಬಂತು, 5 ಕೋಟಿ ಡಾಲರ್! ಬಸಾಲ್ಟ್ ನಮ್ಮ ರಾಜ್ಯದಲ್ಲೇ ವಿಜಯಪುರ, ಕಲಬುರಗಿಯ ಕಡೆ ಬೇಕಾದಷ್ಟಿದೆ. ಆದರೆ ಇಲ್ಲಿಯೂ ಅದೇ ಪ್ರಶ್ನೆ: ಹುಳಿ ಮಣ್ಣಲ್ಲಿ ಕಲ್ಲು ಬೇಗ ಕರಗುತ್ತದೆ, ಕ್ಷಾರದ ಎರೆಯಲ್ಲಿ ನಿಧಾನ. ಸಿರುಗುಪ್ಪದ ಗದ್ದೆಯಲ್ಲಿ ಅಳೆಯದೆ ಏನೂ ಹೇಳುವ ಹಾಗಿಲ್ಲ.

ಇಷ್ಟೆಲ್ಲ ದಾರಿ ಇದ್ದರೂ ಇದಕ್ಕೆ ಸರ್ಕಾರದ ಹಣ ಏಕೆ ಬೇಕು? ಮೆಣಸಿನಕಾಯಿ ಬೆಳೆದರೆ ಕೊಳ್ಳುವವರಿದ್ದಾರೆ, ಜೀನ್ಸ್ ಹೊಲಿದರೆ ಕೊಳ್ಳುವವರಿದ್ದಾರೆ. ಗಾಳಿಯಿಂದ ಒಂದು ಟನ್ ಇಂಗಾಲದ ಡೈಆಕ್ಸೈಡ್ ತೆಗೆದೆ ಎಂದು ಬಳ್ಳಾರಿಯ ಬೆಂಗಳೂರು ರಸ್ತೆಯಲ್ಲಿ ಅಂಗಡಿ ಇಟ್ಟರೆ ಯಾರು ಕೊಳ್ಳುತ್ತಾರೆ? ಅದರ ಲಾಭ ಎಲ್ಲರಿಗೂ ಹಂಚಿಹೋಗುತ್ತದೆ. ಹಾಗಾಗಿ ಒಬ್ಬರೂ ಕೈಯಿಂದ ದುಡ್ಡು ಕೊಡುವುದಿಲ್ಲ. ಗೂಗಲ್‌ನಂಥ ಕೆಲವು ಕಂಪನಿಗಳು ತಾವಾಗಿ ಕೊಂಡರೂ ಅದು ಸಾಲದು. ಎಲ್ಲರ ಪರವಾಗಿ ಕೊಡಬಲ್ಲವರು ಸರ್ಕಾರದವರು ಮಾತ್ರ.

ಸರ್ಕಾರದ ಬೆಂಬಲದಿಂದ ಹೊಸ ತಂತ್ರಜ್ಞಾನ ಅಗ್ಗವಾಗುವುದನ್ನು ನಾವು ನೋಡಿದ್ದೇವೆ. 2010ರಲ್ಲಿ ರಾಷ್ಟ್ರೀಯ ಸೌರ ಅಭಿಯಾನ ಶುರುವಾದಾಗ ಮೊದಲ ಹರಾಜಿನಲ್ಲಿ ಸೌರ ವಿದ್ಯುತ್ತಿನ ದರ ಯೂನಿಟ್ಟಿಗೆ 10 ರೂಪಾಯಿಗಿಂತ ಮೇಲಿತ್ತು. 2017ರಲ್ಲಿ ರಾಜಸ್ಥಾನದ ಭಡ್ಲಾದ ಹರಾಜಿನಲ್ಲಿ 2.44 ರೂಪಾಯಿಗೆ ಬಂತು. ನಮ್ಮ ಪಾವಗಡದ ಬಯಲಲ್ಲಿ 2,050 ಮೆಗಾವಾಟಿನ ಸೌರ ಪಾರ್ಕ್ ಎದ್ದಿತು. ಸರ್ಕಾರ ‘ಇಷ್ಟು ವರ್ಷ ಕೊಳ್ಳುತ್ತೇವೆ’ ಎಂದು ಮಾತು ಕೊಟ್ಟದ್ದು, ಪ್ರಪಂಚದ ಕಾರ್ಖಾನೆಗಳು ಹೆಚ್ಚು ಹೆಚ್ಚು ಫಲಕ ಮಾಡಿ ಕೈ ಪಳಗಿಸಿಕೊಂಡದ್ದು, ಎರಡೂ ಸೇರಿ ಆದದ್ದು ಅದು.

ಇಂಗಾಲ ತೆಗೆಯಲು ಬೇರೆ ದೇಶಗಳು ಬೇರೆ ಬೇರೆ ದಾರಿ ಹಿಡಿದಿವೆ. ಗಾಳಿಯಿಂದ ನೇರವಾಗಿ ಹಿಡಿದು ನೆಲದಾಳಕ್ಕೆ ಸೇರಿಸಿದ ಪ್ರತಿ ಟನ್ನಿಗೆ 180 ಡಾಲರ್‌ವರೆಗೆ ತೆರಿಗೆ ರಿಯಾಯಿತಿ ಕೊಡುವುದಾಗಿ ಅಮೆರಿಕ 2022ರಲ್ಲಿ ಕಾನೂನು ಮಾಡಿತು. ಸ್ವೀಡನ್ ಸರ್ಕಾರ ಹರಾಜು ಕರೆಯಿತು: ಯಾರು ಕಡಿಮೆ ಬೆಲೆಗೆ ತೆಗೆದು ತೋರಿಸುತ್ತೀರಿ? 2025ರ ಜನವರಿಯಲ್ಲಿ ಸ್ಟಾಕ್‌ಹೋಮ್ ನಗರಕ್ಕೆ ಬಿಸಿ ಒದಗಿಸುವ ಒಂದು ಸ್ಥಾವರಕ್ಕೆ ಸುಮಾರು 2,000 ಕೋಟಿ ಕ್ರೋನಾ ನೆರವು ಗೊತ್ತಾಯಿತು. ಅಲ್ಲಿ ಕಾಡಿನ ಕೆಲಸದಲ್ಲಿ ಉಳಿದ ಕಟ್ಟಿಗೆ ಚೂರನ್ನು ಉರಿಸುತ್ತಾರೆ. ಆ ಹೊಗೆಯ ಇಂಗಾಲ ಮರ ಗಾಳಿಯಿಂದ ತಂದದ್ದು. ಅದನ್ನು ಹಿಡಿದು ಸಮುದ್ರದಡಿಗೆ ಸೇರಿಸಿದರೆ ಕಳೆಯುವ ಲೆಕ್ಕ. ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಒಂದೇ ಮಾತು: ಹಣ ಕೊಡುವುದು ತೆಗೆದ ಮೇಲೆ, ಅಳೆದು ನೋಡಿದ ಮೇಲೆ.

ನಮ್ಮ ದೇಶ 2070ಕ್ಕೆ ತನ್ನ ಲೆಕ್ಕವನ್ನು ಸೊನ್ನೆಗೆ ತರುತ್ತೇನೆಂದು 2021ರಲ್ಲಿ ಗ್ಲಾಸ್ಗೋ ಸಮ್ಮೇಳನದಲ್ಲಿ ಹೇಳಿದೆ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2022ರಲ್ಲಿ ಇಂಗಾಲ ಹಿಡಿಯುವ ಸಂಶೋಧನೆಗೆ ಎರಡು ರಾಷ್ಟ್ರೀಯ ಕೇಂದ್ರಗಳನ್ನು ಘೋಷಿಸಿತು. ಒಂದು ಮುಂಬೈ ಐಐಟಿಯಲ್ಲಿ, ಇನ್ನೊಂದು ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ. 2025ರಲ್ಲಿ ಸಿಮೆಂಟ್ ಕಾರ್ಖಾನೆಗಳ ಹೊಗೆ ಹಿಡಿಯಲು ಐದು ಪ್ರಯೋಗ ಘಟಕಗಳು ಘೋಷಣೆಯಾದವು. ಅವುಗಳಲ್ಲೊಂದರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಇದೆ. ತೋರಣಗಲ್ಲಿನಲ್ಲಿ ಉಕ್ಕಿನ ಕೆಲಸಕ್ಕೆ ಹಸಿರು ಹೈಡ್ರೋಜನ್, ಅಂದರೆ ಹೊಗೆಯಿಲ್ಲದ ವಿದ್ಯುತ್ತಿನಿಂದ ನೀರನ್ನು ಒಡೆದು ತೆಗೆದ ಹೈಡ್ರೋಜನ್, ಮಾಡುವ ಘಟಕ 2025ರಲ್ಲಿ ಶುರುವಾಯಿತು. ಅದಕ್ಕೂ ಕೇಂದ್ರದ ಪ್ರೋತ್ಸಾಹಧನವಿದೆ. 2026ರ ಫೆಬ್ರುವರಿಯ ಕೇಂದ್ರ ಬಜೆಟ್‌ನಲ್ಲಂತೂ ವಿದ್ಯುತ್, ಉಕ್ಕು, ಸಿಮೆಂಟ್, ತೈಲ ಶುದ್ಧೀಕರಣ, ರಾಸಾಯನಿಕ ಕಾರ್ಖಾನೆಗಳಲ್ಲಿ ಇಂಗಾಲ ಹಿಡಿಯುವ ತಂತ್ರಜ್ಞಾನಕ್ಕೆ ಐದು ವರ್ಷಕ್ಕೆ 20,000 ಕೋಟಿ ರೂಪಾಯಿ ಎಂದು ಹೇಳಿದ್ದಾರೆ.

ಆ ಐದು ಹೆಸರುಗಳನ್ನು ಮತ್ತೊಮ್ಮೆ ಓದಿ. ಎಲ್ಲವೂ ಚಿಮಣಿಗಳು. ಚಿಮಣಿಗೆ ಹಣ ಬೇಕು, ನಮ್ಮ ಜಿಲ್ಲೆಗಂತೂ ಬೇಕೇ ಬೇಕು. ಉಕ್ಕನ್ನು ಹೊಗೆಯಿಲ್ಲದೆ ಮಾಡುವ ದಾರಿ ಇನ್ನೂ ದೂರ ಇದೆ. ಆದರೆ ಅದೆಲ್ಲ ಸೊನ್ನೆಯ ಕಡೆಗೆ ಹೋಗುವ ಹಣ. ಕಳೆಯುವ ಲೆಕ್ಕ ಇರುವುದು ಜಾಲಿಯಲ್ಲಿ, ಹತ್ತಿ ಕಟ್ಟಿಗೆಯಲ್ಲಿ, ಕಲ್ಲುಪುಡಿಯಲ್ಲಿ. ಅದಕ್ಕೂ ಒಂದು ಪಾಲು ಇರಲಿ ಎಂದು ನಾನು ಮನಸಾರೆ ಬಯಸುತ್ತೇನೆ.

ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲಿ ಗಣಿಯಿಂದ ಹಾಳಾದ ನೆಲ, ನೀರು, ಊರುಗಳನ್ನು ಸರಿಪಡಿಸಲೆಂದೇ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಎಂಬ ಸಂಸ್ಥೆ ಇದೆ. ಗಣಿ ಅಗೆದು ಬಿಟ್ಟ ಕೆಂಪು ದಿಬ್ಬಗಳ ಮಣ್ಣಲ್ಲಿ ಸತ್ವವಿಲ್ಲ, ನೀರು ನಿಲ್ಲುವುದಿಲ್ಲ. ಬಯೋಚಾರಿನ ಒಳಗೆ ಕಣ್ಣಿಗೆ ಕಾಣದ ಲಕ್ಷಾಂತರ ರಂಧ್ರಗಳಿವೆ. ಅವು ನೀರನ್ನೂ ಗೊಬ್ಬರದ ಸತ್ವವನ್ನೂ ಹಿಡಿದಿಡುತ್ತವೆ. ಬೀಳು ನೆಲದಿಂದ ಜಾಲಿ ಕಡಿಸಿ, ಮುಚ್ಚಿದ ಭಟ್ಟಿಯಲ್ಲಿ ಸುಡಿಸಿ, ಆ ಕರಿಕನ್ನು ಗೊಬ್ಬರದೊಡನೆ ಇಂಥ ದಿಬ್ಬದ ಮಣ್ಣಿಗೆ ಸೇರಿಸಿ, ಅಲ್ಲಿ ಈ ನೆಲದ್ದೇ ಮರಗಳಾದ ಕಮರ, ಕಗ್ಗಲಿ, ಬೇವು ನೆಟ್ಟರೆ ಹೇಗೆ? ಒಂದು ಎಕರೆಯಲ್ಲಿ ಮಾಡಿ, ಪಕ್ಕದ ಎಕರೆಯಲ್ಲಿ ಮಾಡದೆ ಬಿಟ್ಟು, ಐದು ವರ್ಷ ಅಳೆದು ನೋಡಿದರೆ ಉತ್ತರ ಸಿಗುತ್ತದೆ.

ಹಣ ಬಂದಾಗ ಮೊದಲು ಯಾರ ಕೈಗೆ ಹೋಗಬೇಕು ಎಂದು ಯಾರಾದರೂ ನಿಮ್ಮನ್ನು ಕೇಳಿದರೆ, ಹಳದಿ ಹೊಗೆಯಲ್ಲಿ ನಿಂತು ಇದ್ದಿಲು ಸುಡುವವರ ಹೆಸರು ಹೇಳಿ. ಊರಿಗೊಂದು ಮುಚ್ಚಿದ ಭಟ್ಟಿ, ಅದನ್ನು ನಡೆಸಲು ಅವರಿಗೆ ತರಬೇತಿ, ಮಣ್ಣಿಗೆ ಸೇರಿಸಿದ ಇದ್ದಿಲಿಗೆ ಒಲೆಯ ಇದ್ದಿಲಿಗಿಂತ ಎರಡು ರೂಪಾಯಿಯಾದರೂ ಹೆಚ್ಚು ಬೆಲೆ. ಇಲ್ಲದಿದ್ದರೆ ಅವರು ಅದನ್ನು ಮಣ್ಣಿಗೆ ಏಕೆ ಹಾಕಬೇಕು? ಆಮೇಲೆ, ಎಷ್ಟು ಇದ್ದಿಲು, ಅದರಲ್ಲಿ ಎಷ್ಟು ಇಂಗಾಲ, ಯಾವ ಹೊಲಕ್ಕೆ ಹೋಯಿತು ಎಂದು ತೂಗಿ ಬರೆದಿಡುವ ಒಂದು ಪ್ರಯೋಗಾಲಯ ಜಿಲ್ಲೆಯಲ್ಲೇ ಬೇಕು. ಮಾದರಿಯನ್ನು ಬೇರೆ ರಾಜ್ಯಕ್ಕೆ ಕಳಿಸಿ ತಿಂಗಳುಗಟ್ಟಲೆ ಕಾಯುವ ಹಾಗಾಗಬಾರದು. ಮತ್ತು ಆ ಲೆಕ್ಕದ ಪುಸ್ತಕ ಪಂಚಾಯಿತಿಯ ಕಟ್ಟೆಯ ಮೇಲೆ ಕನ್ನಡದಲ್ಲಿರಬೇಕು, ನೀವೂ ಹೋಗಿ ಕೂಡಿ ಕಳೆದು ನೋಡಲು ಬರುವಂತೆ.